ಹದಿನಾರು ರಾಜ್ಯಗಳ ಬಾಯಿಪಾಠ

ಜರ್ಮನಿಗೆ ನಾನು ಹೋಗಿಲ್ಲ. ಆದರೆ ಅದರ ಹದಿನಾರು ರಾಜ್ಯಗಳ ಹೆಸರನ್ನೂ ಅವುಗಳ ರಾಜಧಾನಿಗಳನ್ನೂ ಈಗಲೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಧ್ವಜದ ಬಣ್ಣ ಮೇಲಿನಿಂದ ಕೆಳಕ್ಕೆ ಕಪ್ಪು, ಕೆಂಪು, ಚಿನ್ನ. ಹಳದಿ ಎನ್ನಬಾರದು, ಚಿನ್ನ ಎಂದೇ ಹೇಳಬೇಕು. ಲಾಂಛನ ಹದ್ದು. ಸುತ್ತಲಿನ ದೇಶಗಳು ಒಂಬತ್ತು. ಬರ್ಲಿನ್ನಿನ ಗೋಡೆ ಎದ್ದ ವರ್ಷ, ಬಿದ್ದ ವರ್ಷ, ಎರಡು ದೇಶ ಒಂದಾದ ದಿನ, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಇಷ್ಟೆಲ್ಲ ನಿನಗೆ ಯಾಕಪ್ಪಾ ಎಂದು ಕೇಳಿದರೆ ಹೇಳುತ್ತೇನೆ. ನನ್ನ ಹೆಂಡತಿ, ಮಗಳು ಇಬ್ಬರೂ ಆ ದೇಶದಲ್ಲಿದ್ದರು. ಅವರ ಜೊತೆ ಹೋಗಿ ಇರುವುದಕ್ಕಾಗಿ ನಾನು ಕುವೈತಿನಲ್ಲಿ ಕೂತು ವರ್ಷಗಟ್ಟಲೆ ಓದಿದೆ. ಓದಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಓದಿದೆ.

ನಾವು ಮಂಗಳೂರಿನ ಪ್ರೊಟೆಸ್ಟೆಂಟರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜರ್ಮನ್ ಎಂಬ ಶಬ್ದ ಹೊಸದಲ್ಲ. ಅಜ್ಜನ ಅಪ್ಪ ಜರ್ಮನ್ ಪಾದ್ರಿಗಳು ಕಟ್ಟಿದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದ. ಆ ಪಾದ್ರಿಗಳಲ್ಲಿ ಒಬ್ಬರು ಕನ್ನಡ ಕಲಿತು, ಕನ್ನಡಕ್ಕೇ ಒಂದು ದೊಡ್ಡ ನಿಘಂಟು ಬರೆದು ಹೋದರು. ಇದನ್ನು ನಮ್ಮ ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಅವರು ಹಡಗು ಹತ್ತಿ ಬಂದು ನಮ್ಮ ಭಾಷೆಯ ಸಾವಿರಾರು ಶಬ್ದಗಳನ್ನು ಕಲಿತರು. ಅವರ ಭಾಷೆಯ ಮುನ್ನೂರು ಶಬ್ದ ಕಲಿಯಲು ನನ್ನಿಂದ ಆಗಲಿಲ್ಲ. ನಾಚಿಕೆ ಆಗುತ್ತದೆ, ಆದರೆ ನಿಜ.

ಇರಾಕ್ ಕುವೈತಿನ ಮೇಲೆ ಬಿದ್ದ ಯುದ್ಧ ಮುಗಿದು ಕೆಲವು ವರ್ಷವಾದ ಮೇಲೆ ನಾನು ಕುವೈತಿಗೆ ಬಂದೆ. ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಕೆಲಸ ಮಾಡಿಕೊಡುವ ಒಂದು ಕಂಟ್ರಾಕ್ಟರ್ ಕಂಪೆನಿ. ಅದರ ವರ್ಕ್‌ಶಾಪಿನಲ್ಲಿ ಪ್ರೆಶರ್ ಗೇಜುಗಳನ್ನು ಬಿಚ್ಚಿ, ತಪ್ಪು ತೋರಿಸುವವನ್ನು ಸರಿಮಾಡುವುದು ನನ್ನ ಕೆಲಸ. ಎರಡು ವರ್ಷ ಕಳೆದು ಊರಿಗೆ ಹೋಗಿ ಮದುವೆಯಾದೆ. ಹೆಂಡತಿ ನರ್ಸ್. ಸಲ್ವಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅವಳಿಗೂ ಕೆಲಸ ಸಿಕ್ಕಿತು. ಹವಲ್ಲಿಯಲ್ಲಿ ಒಂದು ಹಳೆಯ ಕಟ್ಟಡದ ಮೂರನೇ ಮಾಳಿಗೆ, ಕೆಳಗೆ ಸಾಲಾಗಿ ಮೊಬೈಲ್ ಅಂಗಡಿಗಳು. ಅಲ್ಲೇ ಮಗಳು ಹುಟ್ಟಿದಳು. ಆ ಏಳು ವರ್ಷ ನಮಗೆ ಯಾವ ದೇಶದ ಚಿಂತೆಯೂ ಇರಲಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ; ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ಕೋಳಿ ಸುಕ್ಕ, ಸಾಯಂಕಾಲ ಸಮುದ್ರದ ದಂಡೆ. ಮನುಷ್ಯನಿಗೆ ಸುಖ ಬಂದು ಕೂತದ್ದು ಗೊತ್ತಾಗುವುದಿಲ್ಲ, ಎದ್ದು ಹೋದದ್ದು ಮಾತ್ರ ಗೊತ್ತಾಗುತ್ತದೆ.

ಕ್ಲಿನಿಕ್ ಕೈ ಬದಲಾಯಿತು. ಹೊಸ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಧಣಿ, ಬಂದವನು ಹಳೆಯ ನರ್ಸುಗಳ ಇಕಾಮಾ ಎಂಬ ವಾಸದ ಪರವಾನಗಿ ಮುಂದುವರಿಸುವುದಿಲ್ಲ ಎಂದ. ಖಲಾಸ್, ಅಷ್ಟೇ. ಅದೇ ಹೊತ್ತಿಗೆ ಹೆಂಡತಿಯ ದೊಡ್ಡಮ್ಮನಿಂದ ಕಾಗದ ಬಂತು. ಆಕೆ ಮದುವೆಯಾಗದೆ ಸೇವೆಗೆ ನಿಂತು, ಚಿಕ್ಕ ವಯಸ್ಸಿನಲ್ಲೇ ಜರ್ಮನಿಗೆ ಹೋದ ಹೆಂಗಸು. ರೈನ್ ನದಿಯ ಕಡೆಯ ಒಂದು ಊರಿನಲ್ಲಿ ಮುದುಕರ ಆಶ್ರಮವೊಂದರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದಳು. ಅಲ್ಲಿಗೆ ನರ್ಸುಗಳು ಬೇಕು, ನಾನಿದ್ದೇನೆ, ಬಾ ಎಂದು ಬರೆದಿದ್ದಳು.

ಹೆಂಡತಿ ಎರಡು ದಿನ ಯೋಚಿಸಿ ಮೂರನೇ ದಿನ ಮಗಳನ್ನು ಕರೆದುಕೊಂಡು ಹೊರಡುವುದೆಂದು ತೀರ್ಮಾನಿಸಿಯೇ ಬಿಟ್ಟಳು. ಅವಳದ್ದು ಹಾಗೆಯೇ, ಒಂದೇ ಏಟು, ಎರಡೇ ತುಂಡು. ನನ್ನನ್ನೂ ಕರೆದಳು. ನಾನು ಒಂದು ವರ್ಷ ಕಳೆಯಲಿ ಎಂದೆ. ಕಂಪೆನಿಯಲ್ಲಿ ಹತ್ತು ವರ್ಷ ತುಂಬಲಿ ಎಂದು ನೆಪ ಹೇಳಿದೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಇಲ್ಲಿ ನಾನು ಗೇಜು ನೋಡಿ ಇದು ಸರಿ, ಇದು ತಪ್ಪು ಎಂದರೆ ಇಂಜಿನಿಯರ್ ಕೂಡ ಒಪ್ಪುತ್ತಿದ್ದ. ಅಲ್ಲಿ ಹೋಗಿ ಹೆಂಡತಿಯ ಸಂಬಳದಲ್ಲಿ ಕೂತು, ಮಗಳನ್ನು ಶಾಲೆಗೆ ಬಿಟ್ಟು ಬರುವ ಗಂಡಸಾಗುವುದು ನನಗೆ ಬೇಡವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಮರುವರ್ಷವೂ ಇನ್ನೊಂದು ವರ್ಷ ಎಂದೆ, ಅದರ ಮರುವರ್ಷವೂ ಅದನ್ನೇ ಎಂದೆ. ಎರಡು ವರ್ಷಕ್ಕೊಮ್ಮೆ ಮಂಗಳೂರಿನಲ್ಲಿ ಮೂರೂ ಜನ ಸೇರಿ ಇಪ್ಪತ್ತು ದಿನ ಇರುತ್ತಿದ್ದೆವು. ಆಮೇಲೆ ಅವರ ವಿಮಾನ ಒಂದು ಕಡೆಗೆ, ನನ್ನದು ಒಂದು ಕಡೆಗೆ.

ಅಷ್ಟರಲ್ಲಿ ಅಲ್ಲಿ ಕಾನೂನು ಬದಲಾಯಿತು. ಗಂಡನಾಗಲಿ ಹೆಂಡತಿಯಾಗಲಿ, ಅಲ್ಲಿಗೆ ಹೋಗಿ ಸಂಸಾರ ಸೇರಬೇಕಾದರೆ ಮೊದಲೇ ಜರ್ಮನ್ ಭಾಷೆಯ ಚಿಕ್ಕದೊಂದು ಪರೀಕ್ಷೆ ಪಾಸಾಗಿರಬೇಕು. ಮೊದಲು ಹಾಗೆ ಇರಲಿಲ್ಲ. ಹೆಂಡತಿ ಕರೆದ ವರ್ಷವೇ ಹೊರಟಿದ್ದರೆ ಯಾರೂ ನನ್ನನ್ನು ಒಂದು ಅಕ್ಷರ ಕೇಳುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸುದ್ದಿ ಹೇಳುವಾಗ ಫೋನಿನಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬಾಗಿಲು ಮುಚ್ಚಿದ ಮೇಲೆ ನನಗೆ ಒಳಗೆ ಹೋಗುವ ಆಸೆ ಹುಟ್ಟಿತು. ಪರೀಕ್ಷೆ ತಾನೆ, ಎಷ್ಟು ಪರೀಕ್ಷೆ ಬರೆದಿಲ್ಲ ನಾವು ಎಂದುಕೊಂಡೆ. ನಮ್ಮ ಕಂಪೆನಿಯಲ್ಲಿ ಕಾರ್ಕಳದ ಕಡೆಯ ಒಬ್ಬ ಹಿರಿಯ ಡ್ರಾಫ್ಟ್ಸ್‌ಮನ್ ಇದ್ದರು. ಯುದ್ಧದ ನಂತರ ರಿಫೈನರಿಯ ದುರಸ್ತಿಗೆ ಬಂದಿದ್ದ ಜರ್ಮನ್ನರ ಜೊತೆ ಎರಡು ವರ್ಷ ನಕ್ಷೆ ಬರೆದವರು. ಅವರಿಗೆ ಸ್ವಲ್ಪ ಜರ್ಮನ್ ಬರುತ್ತಿತ್ತು. ಎಲ್ಲರೂ ಅವರನ್ನು ಮಾಸ್ಟ್ರು ಎಂದು ಕರೆಯುತ್ತಿದ್ದೆವು. ಶುಕ್ರವಾರ ಊಟದ ಮೇಲೆ ಹವಲ್ಲಿಯ ಅವರ ಕೋಣೆಯಲ್ಲಿ ನನಗೆ ಪಾಠ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಚಹಾ ಅವರೇ ಮಾಡಿ ಕೊಡುತ್ತಿದ್ದರು.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇನೆ. ನಾನೂ ಮಾಸ್ಟ್ರೂ ಒಂದೇ ಥರದ ಶಾಲೆಗೆ ಹೋದವರು. ನಮ್ಮ ಕಾಲದಲ್ಲಿ ಬ್ಯಾಂಕಿನ ಇಂಟರ್‌ವ್ಯೂ ಇರಲಿ, ಕೆ.ಪಿ.ಎಸ್.ಸಿ. ಇರಲಿ, ಪೊಲೀಸ್ ಕೆಲಸವೇ ಇರಲಿ, ಎಲ್ಲದಕ್ಕೂ ಒಂದೇ ಔಷಧ, ಜಿ.ಕೆ. ರಾಷ್ಟ್ರಪಕ್ಷಿ ಯಾವುದು, ಅತಿ ಉದ್ದದ ನದಿ ಯಾವುದು, ಯಾವ ರಾಜ್ಯಕ್ಕೆ ಯಾವ ರಾಜಧಾನಿ. ಎದುರು ಕೂತವರು ಏನು ಕೇಳಿದರೂ ಕೊನೆಗೆ ಅಲ್ಲಿಗೇ ಬರುತ್ತಿದ್ದರು. ಹಾಗಿರುವಾಗ ಒಂದು ದೇಶವೇ ನಮಗೆ ಪರೀಕ್ಷೆ ಮಾಡುತ್ತದೆ ಎಂದರೆ ಅದು ತನ್ನ ವಿಷಯ ಕೇಳದೆ ಇನ್ನೇನು ಕೇಳೀತು? ಮಾಸ್ಟ್ರು ಎಲ್ಲಿಂದಲೋ ಒಂದು ಪ್ರಶ್ನೆಗಳ ಕಟ್ಟು ಪ್ರಿಂಟ್ ಮಾಡಿಸಿ ತಂದರು. ಜರ್ಮನ್ ಪೌರತ್ವ ಬೇಕಾದವರಿಗೆ ಅಲ್ಲಿನ ಸರ್ಕಾರ ಹೊರಡಿಸಿದ ಮುನ್ನೂರು ಪ್ರಶ್ನೆಗಳು, ಅದರ ಮೇಲೆ ಒಂದೊಂದು ರಾಜ್ಯಕ್ಕೂ ಹತ್ತು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು. ಚರಿತ್ರೆ, ಭೂಗೋಳ, ಧ್ವಜ, ಲಾಂಛನ, ಎಲ್ಲವೂ ಅದರಲ್ಲಿ. ನಮಗೆ ನಿಧಿ ಸಿಕ್ಕಿತು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೊಡುವ ಇಂಥ ದೇಶ ಭೂಮಿಯ ಮೇಲೆ ಉಂಟೇ!

ಆ ಕಟ್ಟು ನನಗೆ ಬೇಕಾದ ಪರೀಕ್ಷೆಯದ್ದಲ್ಲ ಎಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಅಲ್ಲಿ ಎಷ್ಟೋ ವರ್ಷ ಇದ್ದವರು ಕೊನೆಗೆ ಬರೆಯುವ ಪರೀಕ್ಷೆ. ನನ್ನದು ಬರೀ ಹೆಸರೇನು, ಊರು ಯಾವುದು, ಬ್ರೆಡ್ಡಿಗೆ ಎಷ್ಟು ಎಂದು ಮಾತಾಡುವ ಪರೀಕ್ಷೆ. ಆದರೆ ಮಾತಾಡುವುದಕ್ಕೆ ಗೈಡು ಸಿಗುವುದಿಲ್ಲ, ಇದಕ್ಕೆ ಸಿಕ್ಕಿದೆ. ಮಾಸ್ಟ್ರ ವಾದವೂ ನನಗೆ ಸರಿ ಎನಿಸಿತು.

“ದೇಶದ ಚರಿತ್ರೆಯೇ ಗೊತ್ತಿದ್ದವನನ್ನು ಯಾರು ಫೇಲ್ ಮಾಡ್ತಾರೆ ಮಾರಾಯ್ರೆ? ಅವರಿಗೇ ಖುಷಿ ಆಗ್ತದೆ” ಎಂದರು.

ಶುರುವಾಯಿತು ಗಿಣಿಪಾಠ. ಜರ್ಮನ್ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮೆಕ್ಲೆನ್‌ಬುರ್ಗ್-ಫೋರ್‌ಪೊಮೆರ್ನ್ ಎಂಬ ರಾಜ್ಯದ ಹೆಸರಿಗೇ ನನಗೆ ಒಂದು ವಾರ ಹಿಡಿಯಿತು. ರಾಜಧಾನಿ ಶ್ವೆರಿನ್. ಬೆಳಿಗ್ಗೆ ಐದೂವರೆಗೆ ಕಂಪೆನಿ ಬಸ್ಸು ಹತ್ತಿದರೆ ಅಹ್ಮದಿ ಮುಟ್ಟುವವರೆಗೆ ಒಂದು ಸುತ್ತು ರಾಜ್ಯಗಳು, ಒಂದು ಸುತ್ತು ವರ್ಷಗಳು. ಎರಡನೇ ಮಹಾಯುದ್ಧದಲ್ಲಿ ಸೋತ ದೇಶವನ್ನು ಯಾವ ನಾಲ್ಕು ದೇಶಗಳು ಹಂಚಿಕೊಂಡವು, ಗೋಡೆ ಕಟ್ಟಿದವರು ಯಾರು, ಗೋಡೆಯ ಆಚೆ ಉಳಿದವರು ಈಚೆ ಬರಲು ಏನು ಮಾಡಿದರು. ಗೋಡೆ ಅವರಲ್ಲಿ ಇಪ್ಪತ್ತೆಂಟು ವರ್ಷ ನಿಂತಿತ್ತಂತೆ. ಅದನ್ನು ಓದುವಾಗ ನನಗೆ ಒಂದು ಥರದ ಸಮಾಧಾನವೂ ಆಗುತ್ತಿತ್ತು. ಹೆಂಡತಿ ಮಕ್ಕಳಿಂದ ದೂರ ಉಳಿದವರ ಕಷ್ಟ ಗೊತ್ತಿರುವ ಜನ ಇವರು, ನನ್ನನ್ನು ಬಿಟ್ಟುಕೊಳ್ಳದೆ ಇರುತ್ತಾರೆಯೇ ಎಂದು ನಂಬಿದ್ದೆ. ಮೂರ್ಖ.

ಪರೀಕ್ಷೆ ಕುವೈತಿನಲ್ಲೇ ಇತ್ತು; ಆ ದಿನ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋದೆ. ಕೇಳಿ ಬರೆಯುವುದು, ಓದಿ ಬರೆಯುವುದು ಹೇಗೋ ಆಯಿತು. ಕೊನೆಗೆ ಮಾತಾಡುವುದು. ಒಂದು ಮೇಜಿನ ಸುತ್ತ ನಾವು ನಾಲ್ಕು ಜನ, ಎದುರಿಗೆ ಜರ್ಮನ್ ಹೆಂಗಸೊಬ್ಬಳು, ನನ್ನ ಅಕ್ಕನ ವಯಸ್ಸು. ನಿಮ್ಮ ಪರಿಚಯ ಹೇಳಿ ಎಂದಳು. ಹೆಸರು ಹೇಳಿದೆ, ದೇಶ ಹೇಳಿದೆ. ಆಮೇಲೆ ನಾಲಿಗೆ ತಾನೇ ಓಡಿತು. ಜರ್ಮನಿಗೆ ಹದಿನಾರು ರಾಜ್ಯಗಳು ಎಂದು ಶುರು ಮಾಡಿ ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಆಕೆ ಕೈ ಎತ್ತಿ, ನಗುತ್ತ, ಧನ್ಯವಾದ ಎಂದಳು. ಪಕ್ಕದ ಈಜಿಪ್ಟಿನವನು ನನ್ನನ್ನೇ ನೋಡುತ್ತಿದ್ದ. ನನ್ನ ಎದೆ ಉಬ್ಬಿತ್ತು.

ಆಮೇಲೆ ಒಂದು ಚೀಟಿ ಎತ್ತಲು ಹೇಳಿದಳು. ಅದರಲ್ಲಿ ಬ್ರೆಡ್ಡು ಎಂಬ ಒಂದೇ ಶಬ್ದ. ಆ ಶಬ್ದ ಇಟ್ಟುಕೊಂಡು ಪಕ್ಕದವನಿಗೆ ಒಂದು ಪ್ರಶ್ನೆ ಕೇಳಬೇಕು, ಅಷ್ಟೇ. ನೀನು ಬೆಳಿಗ್ಗೆ ಬ್ರೆಡ್ಡು ತಿನ್ನುತ್ತೀಯಾ ಎಂದರೆ ಸಾಕು. ಹವಲ್ಲಿಯಲ್ಲಿ ದಿನಾ ಸಾಯಂಕಾಲ ಬೇಕರಿಯ ಕಿಂಡಿಗೆ ತಲೆ ಹಾಕಿ ಐದು ಖುಬ್ಬೂಸ್ ರೊಟ್ಟಿ ಕೊಡು ಎಂದು ಅರಬ್ಬಿಯಲ್ಲಿ ಕೇಳುವವನು ನಾನು. ಆ ಅರಬ್ಬಿಯನ್ನು ನನಗೆ ಯಾರೂ ಕಲಿಸಿರಲಿಲ್ಲ, ಬೈಸಿಕೊಂಡು ಬಂದದ್ದು. ಹಿಂದಿಯೂ ಹಾಗೆಯೇ ಬಂತು. ಬೈಯುವವರು ಇಲ್ಲದೆ ಭಾಷೆ ಬರುವುದಿಲ್ಲ. ಜರ್ಮನ್ನಿನಲ್ಲಿ ನನ್ನನ್ನು ಬೈಯಲು ಯಾರೂ ಇರಲಿಲ್ಲ. ಚೀಟಿ ಹಿಡಿದುಕೊಂಡು, “ಬ್ರೆಡ್ಡು. ಜರ್ಮನಿ. ಒಳ್ಳೆಯದು” ಎಂದು ಮೂರು ಶಬ್ದ ಬಿಡಿಬಿಡಿಯಾಗಿ ಹೇಳಿದೆ. ಆ ಹೆಂಗಸು ಇನ್ನೊಂದು ಚೀಟಿ ಕೊಟ್ಟಳು. ಅದಕ್ಕೆ ಅಷ್ಟೂ ಹೇಳಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಫೇಲಾದೆ.

ಹೆಂಡತಿಗೆ ಹೇಳಿದಾಗ ಅವಳು, ರಾಜ್ಯಗಳ ಹೆಸರು ಯಾಕೆ ಹೇಳಿದಿರಿ ಎಂದು ಕೇಳಿದಳು. ಎರಡನೇ ಸಲ ಕೂತೆ, ಫೇಲಾದೆ. ಮೂರನೇ ಸಲ ಕೂತೆ, ಎರಡು ಅಂಕಕ್ಕೆ ಹೋಯಿತು. ಪ್ರತಿ ಸಲವೂ ಮಾಸ್ಟ್ರು ಇನ್ನಷ್ಟು ಓದಿಸಿದರು, ನಾನು ಇನ್ನಷ್ಟು ಬಾಯಿಪಾಠ ಮಾಡಿದೆ. ಅವರಿಗೂ ಮಾತಾಡಲು ಬರುವುದಿಲ್ಲ, ನಕ್ಷೆಯ ಶಬ್ದಗಳು ಮಾತ್ರ ಬರುತ್ತವೆ ಎಂದು ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಹೇಗೆ ಹೇಳುವುದು? ವಾರವಿಡೀ ಅವರು ಕಾಯುತ್ತಿದ್ದದ್ದು ಆ ಶುಕ್ರವಾರದ ಪಾಠಕ್ಕೆ. ನನಗೂ ಹೋಗಲು ಬೇರೆ ಮನೆ ಇರಲಿಲ್ಲ.

ಅತ್ತ ಮಗಳು ಬೆಳೆಯುತ್ತಿದ್ದಳು. ಹೋದ ಹೊಸದರಲ್ಲಿ ಫೋನ್ ಎತ್ತಿದರೆ “ಪಪ್ಪ, ಊಟ ಆಯ್ತಾ? ಎಂತ ಪದಾರ್ಥ?” ಎಂದು ಕೇಳುತ್ತಿದ್ದವಳು. ಆಮೇಲೆ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಕುವೈತಿನಲ್ಲಿ ನಮ್ಮವರ ಮಕ್ಕಳೆಲ್ಲ ಹಾಗೆಯೇ ಮಾಡುತ್ತಾರೆ, ಅದು ದೊಡ್ಡ ವಿಷಯವಲ್ಲ ಎಂದುಕೊಂಡೆ. ಮತ್ತೆ ಎರಡು ವರ್ಷಕ್ಕೆ ಇಂಗ್ಲಿಷಿನ ನಡುವೆ ತಡವರಿಸಿ, ಸರಿಯಾದ ಶಬ್ದ ಸಿಗದೆ, ಅಮ್ಮನನ್ನು ಕರೆದು ಜರ್ಮನ್ನಿನಲ್ಲಿ ಏನೋ ಕೇಳುತ್ತಿದ್ದಳು. ಅಮ್ಮ ಅದನ್ನು ಕನ್ನಡಕ್ಕೆ ತಂದು ನನಗೆ ಹೇಳುತ್ತಿದ್ದಳು. ನನ್ನ ಮಗಳ ಮಾತು ನನಗೆ ಮುಟ್ಟಲು ನಡುವೆ ಒಬ್ಬರು ಬೇಕಾಯಿತು. ಇನ್ನು ತಡವಾದರೆ ಈ ಹುಡುಗಿಗೆ ನಾನು ಬರೀ ದೂರದ ನೆಂಟ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಆ ವರ್ಷ ಹೆಂಡತಿ ತಾನು ಪೌರತ್ವಕ್ಕೆ ಅರ್ಜಿ ಹಾಕುತ್ತೇನೆ ಎಂದಳು. ಅವಳು ಬರೆಯಬೇಕಾಗಿದ್ದದ್ದು ಆ ಮುನ್ನೂರು ಪ್ರಶ್ನೆಗಳ ಪರೀಕ್ಷೆಯನ್ನೇ. ಅವಳಿಗೆ ಭಾಷೆ ನೀರಿನ ಹಾಗೆ ಬರುತ್ತಿತ್ತು, ಆದರೆ ಇಸವಿಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸಿ ಬಂದು, ಅಡುಗೆ ಮಾಡಿ, ಪುಸ್ತಕ ಹಿಡಿದರೆ ನಿದ್ದೆ. “ನಿಮಗೆ ಎಲ್ಲಾ ಗೊತ್ತುಂಟಲ್ಲ, ನೀವೇ ಕೇಳಿ, ನಾನು ಹೇಳ್ತೇನೆ” ಎಂದಳು.

ನನ್ನ ಜೀವನದಲ್ಲಿ ಅದಕ್ಕಿಂತ ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ. ಶುಕ್ರವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಕರೆ ಹಚ್ಚಿ ನಾನು ಪ್ರಶ್ನೆ ಕೇಳುವುದು, ಅವಳು ಈರುಳ್ಳಿ ಹೆಚ್ಚುತ್ತ ಉತ್ತರ ಹೇಳುವುದು. ತಪ್ಪಾದರೆ ನಾನು ಬೈಯುವುದು. ಅವಳಿದ್ದ ರಾಜ್ಯದ ಲಾಂಛನದಲ್ಲಿ ಒಂದು ಕುದುರೆ, ಒಂದು ಗುಲಾಬಿ, ಪಕ್ಕದಲ್ಲಿ ರೈನ್ ನದಿ. ಅದನ್ನು ನೆನಪಿಟ್ಟುಕೊಳ್ಳಲು ಅವಳಿಗೆ, ನಮ್ಮ ಮದುವೆಗೆ ನೀನು ಗುಲಾಬಿ ಮುಡಿದಿದ್ದೆ, ನನ್ನ ಮಾವ ಕುದುರೆಯ ಹಾಗೆ ಕೆನೆಯುತ್ತಿದ್ದರು, ಪಕ್ಕದಲ್ಲಿ ನೇತ್ರಾವತಿ ಎಂದು ಹೇಳಿಕೊಟ್ಟೆ. ಅವಳು ಚೂರಿ ಕೆಳಗಿಟ್ಟು ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳು ಹಾಗೆ ನಗುವುದನ್ನು ಕಂಡೆ. ನಾವು ಗಂಡ ಹೆಂಡತಿಯಾಗಿ ಮಾತಾಡಿದ ಕೊನೆಯ ದಿನಗಳು ಅವೇ ಎಂದು ಈಗ ಅನಿಸುತ್ತದೆ. ಮಾತಾಡಿದ್ದು ಬರೀ ಜರ್ಮನಿಯ ಚರಿತ್ರೆ.

ಒಂದು ತಪ್ಪೂ ಇಲ್ಲದೆ ಪಾಸಾದಳು. ಕೇಳಿದ ಮೂವತ್ತಮೂರಕ್ಕೆ ಮೂವತ್ತಮೂರು. ನಾನು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಲಡ್ಡು ಹಂಚಿದೆ. ಏನು ವಿಶೇಷ ಭಾಯಿ ಎಂದು ಕೇಳಿದವರಿಗೆ ಹೆಂಡತಿ ಪಾಸಾದಳು ಎಂದೆ. ಅವಳು ಪಾಸಾದದ್ದು ಯಾವುದಕ್ಕೆ ಎಂಬುದನ್ನು ನಾನು ಯೋಚಿಸಲಿಲ್ಲ. ಯೋಚಿಸಲು ಮನಸ್ಸಿರಲಿಲ್ಲ ಎಂದರೆ ಸರಿ.

ಅವಳ ಭಾರತದ ಪಾಸ್‌ಪೋರ್ಟು ಹೋಯಿತು. ಸಿಂಹಗಳ ಮುದ್ರೆ ಕೊಟ್ಟು ಹದ್ದಿನ ಮುದ್ರೆ ತೆಗೆದುಕೊಂಡಳು. ನನ್ನ ಇಕಾಮಾದ ಮೇಲೂ ಒಂದು ಹಕ್ಕಿಯೇ ಇತ್ತು, ಕುವೈತಿನ ಗಿಡುಗ, ರೆಕ್ಕೆಯ ನಡುವೆ ದೋಣಿ. ಆದರೆ ಆ ಹಕ್ಕಿ ನನ್ನದಲ್ಲ, ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಹಾರಿ ಹೋಗುವಂಥದ್ದು. ಮುಂದಿನದು ಮಗಳ ಸರದಿ. ಅವಳಿಗೆ ಹದಿನಾಲ್ಕು ತುಂಬಿತ್ತು. ಅವಳಿಗೆ ಅಲ್ಲಿನ ಪೌರತ್ವ ಬೇಕಾದರೆ ಅಪ್ಪನ ಒಪ್ಪಿಗೆಯ ಸಹಿ ಬೇಕಂತೆ. ಕಾಗದ ಅಂಚೆಯಲ್ಲಿ ಬಂತು. ಮೂರು ವಾರ ಅದನ್ನು ಬೈಬಲಿನೊಳಗೆ ಇಟ್ಟುಕೊಂಡು ಕೂತೆ. ಸಹಿ ಹಾಕದಿದ್ದರೆ ಅವಳು ನನ್ನ ದೇಶದವಳಾಗಿಯೇ ಉಳಿಯುತ್ತಾಳೆ ಎಂಬ ಆಸೆ. ದೇಶ ಒಂದಾಗಿ ಉಳಿದರೆ ಅವಳು ನನ್ನವಳಾಗಿ ಉಳಿಯುತ್ತಾಳೆ ಎಂದು ನನ್ನ ಮೊಂಡು ತಲೆಗೆ ಹೊಕ್ಕಿತ್ತು.

ಹೆಂಡತಿ ಫೋನ್ ಮಾಡಿದಳು. ಜಗಳಕ್ಕೆ ಸಿದ್ಧನಾಗಿಯೇ ಎತ್ತಿದೆ. ಅವಳು ಜಗಳ ಮಾಡಲಿಲ್ಲ.

“ಹುಟ್ಟಿದ್ದು ಒಂದು ಕಡೆ, ಪಾಸ್‌ಪೋರ್ಟು ಒಂದು ಕಡೆ, ಬೆಳೆದದ್ದು ಒಂದು ಕಡೆ. ಒಂದು ಕಡೆಯಾದ್ರೂ ಅವಳದ್ದು ಅಂತ ಆಗ್ಲಿ. ಸಹಿ ಹಾಕಿ” ಎಂದಳು.

ಮಾರನೇ ದಿನ ರಜೆ ಹಾಕಿ ಜರ್ಮನ್ ರಾಯಭಾರ ಕಚೇರಿಗೆ ಹೋಗಿ, ಅವರೆದುರಿಗೇ ಸಹಿ ಹಾಕಿದೆ. ಗೋಡೆಯ ಮೇಲೆ ಹದ್ದು ಇತ್ತು. ಕೆಲಸ ಐದು ನಿಮಿಷದ್ದು. ಕಾಗದ ಕಳಿಸಿದ್ದೇನೆ ಎಂದು ತಿಳಿಸಿದಾಗ ಹೆಂಡತಿ ಥ್ಯಾಂಕ್ಸ್ ಎಂದಳು. ಅವಳು ಅದುವರೆಗೆ ನನಗೆ ಥ್ಯಾಂಕ್ಸ್ ಹೇಳಿದವಳಲ್ಲ. ಆಮೇಲೆ ಫೋನ್ ಇಡುವ ಮೊದಲು, “ಇನ್ನು ನೀವು ಪರೀಕ್ಷೆಗೆಲ್ಲ ಕೂತ್ಕೊಳ್ಳುದು ಬೇಡ. ಸಾಕು ಮಾಡಿ. ಪ್ರಾಯ ಆಯ್ತು” ಎಂದಳು.

ನನ್ನ ಮೇಲೆ ಕನಿಕರದಿಂದ ಹೇಳಿದಳು ಎಂದುಕೊಂಡೆ. ಪಾಪ, ಮೂರು ಸಲ ಫೇಲಾದ ಗಂಡನನ್ನು ನೋಡಿ ನೊಂದಿದ್ದಾಳೆ, ಅವಳಿಗೆ ತೋರಿಸಿಯೇ ಬಿಡುತ್ತೇನೆ ಎಂದು ಹಟ ಹತ್ತಿತು. ಗಂಡಸಿಗೆ ಬುದ್ಧಿ ಕಡಿಮೆ ಎಂದು ನಮ್ಮ ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ಮಾಸ್ಟ್ರನ್ನು ಆ ವರ್ಷ ಕಂಪೆನಿ ವಯಸ್ಸಾಯಿತೆಂದು ಊರಿಗೆ ಕಳಿಸಿತು. ಹೊರಡುವಾಗ ಅವರು ತಮ್ಮ ಪ್ರಶ್ನೆಗಳ ಕಟ್ಟನ್ನೂ ನನಗೇ ಕೊಟ್ಟರು. ಅದನ್ನು ಮಂಚದ ಕೆಳಗೆ ತಳ್ಳಿ, ಮೊದಲ ಬಾರಿಗೆ ಮಾತು ಕಲಿಯಲು ಕೂತೆ. ಚಿಕ್ಕ ಮಕ್ಕಳ ಪಾಠದ ಸಿ.ಡಿ. ತಂದೆ. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ, ನಿನಗೆ ಚಹಾ ಬೇಕಾ, ನಿನ್ನ ಮನೆ ಎಲ್ಲಿ, ನಾಳೆ ನೀನು ಬರುತ್ತೀಯಾ ಎಂದು ಜರ್ಮನ್ನಿನಲ್ಲಿ ಕೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಆಂಧ್ರದ ವೆಲ್ಡರ್ ಕೆಲವು ದಿನ ಸಹಿಸಿಕೊಂಡು, ಆಮೇಲೆ ಹಿಂದಿನ ಸೀಟಿಗೆ ಹೋದ. ವರ್ಕ್‌ಶಾಪಿನಲ್ಲಿ ಗೇಜು ಬಿಚ್ಚುವಾಗ ಅದಕ್ಕೂ ಹೆಸರು ಕೇಳುತ್ತಿದ್ದೆ. ಎಂಟು ತಿಂಗಳು ಹೀಗೆ ನಡೆಯಿತು. ಯಾರಿಗೂ ಹೇಳಲಿಲ್ಲ, ಹೆಂಡತಿಗಂತೂ ಇಲ್ಲವೇ ಇಲ್ಲ.

ನಾಲ್ಕನೇ ಸಲ ಪಾಸಾದೆ. ದೊಡ್ಡ ಅಂಕವೇನಲ್ಲ, ದಡ ಮುಟ್ಟಿದೆ ಅಷ್ಟೇ. ಕಾಗದ ಕೈಗೆ ಬಂದದ್ದು ಒಂದು ಗುರುವಾರ. ಅಂಗಡಿಗೆ ಹೋಗಿ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದೆ. ಹಾಗೆಯೇ ದೊಡ್ಡದೊಂದು ಸೂಟ್‌ಕೇಸಿನ ಬೆಲೆಯನ್ನೂ ವಿಚಾರಿಸಿದೆ. ಮರುದಿನ ಶುಕ್ರವಾರ, ಆರಾಧನೆ ಮುಗಿಸಿ ಬಂದು, ಮುಖ ತೊಳೆದು, ತಲೆ ಬಾಚಿ ಕಂಪ್ಯೂಟರಿನ ಮುಂದೆ ಕೂತೆ.

ಕರೆ ಎತ್ತಿದ್ದು ಮಗಳು. ಅಮ್ಮ ಡ್ಯೂಟಿಯಲ್ಲಿ ಎಂದಳು, ಇಂಗ್ಲಿಷಿನಲ್ಲಿ. ಆಗಲಿ, ಇವಳಿಗೇ ಮೊದಲು ತಿಳಿಯಲಿ ಎಂದು ಆ ಕಾಗದವನ್ನು ಕ್ಯಾಮೆರಾದ ಮುಂದೆ ಹಿಡಿದೆ. ಹಿಡಿದು, ಇಡೀ ಬೆಳಿಗ್ಗೆ ಅಭ್ಯಾಸ ಮಾಡಿದ್ದನ್ನು ಜರ್ಮನ್ನಿನಲ್ಲಿ ಹೇಳಿದೆ. ನಾನು ಪಾಸಾದೆ, ನಾನು ನಿಮ್ಮ ಮನೆಗೆ ಬರುತ್ತೇನೆ, ಇನ್ನು ಯಾವಾಗಲೂ ಜೊತೆಯಲ್ಲಿ ಇರುತ್ತೇನೆ. ಮೂರೂ ವಾಕ್ಯ ಎಡವದೆ ಬಂದವು. ಮಗಳ ಬಾಯಿ ತೆರೆದುಕೊಂಡಿತು. ಅವಳ ಕಣ್ಣು ಒಮ್ಮೆ ಹೊಳೆಯಿತು, ಅದನ್ನು ನಾನು ಕಂಡದ್ದು ಸುಳ್ಳಲ್ಲ. ಆಮೇಲೆ ತಲೆ ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

ಯಾಕೆ ಮಗಾ, ಏನಾಯಿತು ಎಂದು ಕೇಳಿದೆ. ಅವಳು ಮಾತು ಶುರು ಮಾಡಿದ್ದು ಜರ್ಮನ್ನಿನಲ್ಲಿ. ನನಗೆ ಅರ್ಥವಾಗಲಿ ಎಂದು ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

“ಅಮ್ಮನಿಗೆ ಬೇಡ. ಅಮ್ಮ ನಿಮಗೆ ಹೇಳುವುದಿಲ್ಲ, ಅವಳು ಅಳುತ್ತಾಳೆ. ನಾವು ಈಗ ಇಬ್ಬರೇ ಇದ್ದೇವೆ, ಚೆನ್ನಾಗಿದ್ದೇವೆ. ದಯವಿಟ್ಟು ಬರಬೇಡಿ, ಪಪ್ಪ.”

ಎಲ್ಲವೂ ಸಣ್ಣ ಸಣ್ಣ ಶಬ್ದಗಳು. ಒಂದನ್ನೂ ಇನ್ನೊಮ್ಮೆ ಹೇಳು ಎಂದು ಕೇಳಬೇಕಾಗಲಿಲ್ಲ. ಅರ್ಥವಾಯಿತಾ ಎಂದು ಅವಳು ಕೇಳಿದಳು. ಅರ್ಥವಾಯಿತು ಎಂದು ನಾನು ಜರ್ಮನ್ನಿನಲ್ಲೇ ಹೇಳಿದೆ.